ಸಂಕಲ್ಪ ನನ್ನದು, ಅಡುಗೆಮನೆ ಎಲ್ಲರದು

ಆರೋಗ್ಯದ ಸಂಕಲ್ಪ ಕೈಗೊಳ್ಳಲು ಜನವರಿ ಒಂದರಷ್ಟು ಅನನುಕೂಲವಾದ ದಿನ ನಮ್ಮ ಮನೆಯ ಮಟ್ಟಿಗೆ ಇನ್ನೊಂದಿಲ್ಲ. ಅದು ಧನುರ್ಮಾಸದ ನಡುವೆ ಬರುತ್ತದೆ. ಮೈಸೂರಿನ ಚಳಿಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗುವುದಿಲ್ಲ, ಎದ್ದರೆ ದೇವಸ್ಥಾನದಿಂದ ತುಪ್ಪ ಸುರಿದ ಹುಗ್ಗಿಯ ಪ್ರಸಾದ ಬಂದಿರುತ್ತದೆ, ಅದಾಗಿ ಎರಡು ವಾರಕ್ಕೆ ಸಂಕ್ರಾಂತಿಯ ಎಳ್ಳುಬೆಲ್ಲ. ಪ್ರೌಢಶಾಲೆಯ ಶಿಕ್ಷಕಿಯಾದ ನನಗೆ ಇವೆಲ್ಲದರ ಮೇಲೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿ ಬೇರೆ. ಆದರೂ ಎರಡು ವರ್ಷಗಳ ಹಿಂದೆ ನಾನು ಆರಂಭಿಸಿದ್ದು ಆ ತಿಂಗಳಲ್ಲೇ, ಏಕೆಂದರೆ ಡಿಸೆಂಬರಿನ ಕೊನೆಯಲ್ಲಿ ಕೈಸೇರಿದ ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಬಿಎ1ಸಿ 6.2 ಎಂದಿತ್ತು.

ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತೆಂಬುದನ್ನು ಈ ಪರೀಕ್ಷೆ ತಿಳಿಸುತ್ತದೆ. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ವೈದ್ಯರು ಮಾತ್ರೆಯ ಮಾತೆತ್ತುವ ಮೊದಲು ಟೇಪು ತೆಗೆದು ಸೊಂಟದ ಸುತ್ತಳತೆ ನೋಡಿದರು. 91 ಸೆಂಟಿಮೀಟರ್ ಬಂತು. ಭಾರತೀಯ ಹೆಂಗಸರಿಗೆ ಅದು 80ರೊಳಗೂ ಗಂಡಸರಿಗೆ 90ರೊಳಗೂ ಇರಬೇಕೆಂದು ಅವರು ವಿವರಿಸಿದರು. ಕೈಕಾಲು ಸಣ್ಣಗಿದ್ದೂ ಹೊಟ್ಟೆಯ ಸುತ್ತ ಕೊಬ್ಬು ಸೇರಿಸಿಕೊಳ್ಳುವುದು ನಮ್ಮವರ ಮೈಕಟ್ಟಿಗೆ ಸಾಮಾನ್ಯ ಸಂಗತಿಯಾದ್ದರಿಂದ ತೂಕದ ಯಂತ್ರವೊಂದನ್ನೇ ನಂಬುವಂತಿಲ್ಲ. ನನಗೆ ಧೈರ್ಯ ಕೊಟ್ಟದ್ದು ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಸಕ್ಕರೆ ಹೀಗೆಯೇ ಏರತೊಡಗಿದ್ದವರು ಆಹಾರ ಮತ್ತು ನಡಿಗೆಗಳನ್ನು ತಿದ್ದಿಕೊಂಡಾಗ ಮೂರು ವರ್ಷಗಳ ಅವಧಿಯಲ್ಲಿ ಮಧುಮೇಹದ ಸಂಭವ ಶೇ. 28.5ರಷ್ಟು ಇಳಿಯಿತೆಂದೂ, ಮಾತ್ರೆ ತೆಗೆದುಕೊಂಡವರಲ್ಲಿ ಕಂಡ ಇಳಿಕೆ ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲವೆಂದೂ ಅದು ಹೇಳುತ್ತದೆ.

ಇಷ್ಟು ಕಿಲೋ ಇಳಿಸುತ್ತೇನೆಂಬ ಸಂಕಲ್ಪವನ್ನು ನಾನು ಮಾಡಲಿಲ್ಲ. ಕಿಲೋ ಇಳಿಯುವುದು ನನ್ನ ಕೈಯಲ್ಲಿಲ್ಲ; ಊಟದ ನಂತರ ಎದ್ದು ನಡೆಯುವುದು ನನ್ನ ಕೈಯಲ್ಲಿದೆ. ಎರಡನೆಯದಾಗಿ, ನನಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂಬ ಪದ್ಧತಿ ಬೇಡವೆಂದು ಮೊದಲ ದಿನವೇ ನಿಶ್ಚಯಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡುವ ಹೆಂಗಸು ಎರಡು ಬಗೆಯ ಅಡುಗೆ ಮಾಡಲು ಹೊರಟರೆ ಅದು ಹೆಚ್ಚು ಕಾಲ ನಡೆಯುವುದಿಲ್ಲ. ಅಲ್ಲದೆ ಎಲ್ಲರೂ ಉಂಡು ಉಳಿದದ್ದನ್ನು ಕೆಡಬಾರದೆಂದು ತಿಂದು ಮುಗಿಸುವುದೂ ಕಡೆಗೆ ಅವಳ ಪಾಲಿಗೇ ಬರುತ್ತದೆ. ಆದ್ದರಿಂದ ಬದಲಾವಣೆ ಮನೆಗೆಲ್ಲ ಒಂದೇ ಆಗಬೇಕಿತ್ತು, ಅದಕ್ಕೆ ಅತ್ತೆಯವರ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕಿದ್ದು ವರದಿ ತೋರಿಸಿದ್ದರಿಂದಲ್ಲ, ಅವರ ಕಾಲದ ಹುರುಳಿಕಾಳಿನ ಸಾರು, ಬಸ್ಸಾರು, ಉಪ್ಸಾರುಗಳನ್ನು ಮತ್ತೆ ಮಾಡೋಣವೆಂದು ಕೇಳಿದ್ದರಿಂದ.

ನಮ್ಮ ತಟ್ಟೆಯ ತೊಂದರೆ ಅನ್ನವಿರುವುದಲ್ಲ, ಅನ್ನದ ಪಕ್ಕದಲ್ಲಿ ಏನೂ ಇಲ್ಲದಿರುವುದು. ತೆಳುವಾದ ತಿಳಿಸಾರು, ಎರಡು ಚಮಚ ಪಲ್ಯ, ಮಿಕ್ಕಿದ್ದೆಲ್ಲ ಅನ್ನ. ಇದನ್ನು ಸರಿಪಡಿಸಲು ನಾನು ಅನ್ನದಿಂದ ಆರಂಭಿಸದೆ ಪಲ್ಯದಿಂದ ಆರಂಭಿಸಿದೆ. ಮೊದಲು ಪಲ್ಯ ಮತ್ತು ಕೋಸಂಬರಿ, ಅನಂತರ ಗಟ್ಟಿ ಹುಳಿಯೊಡನೆ ಅನ್ನ ಎಂಬ ಕ್ರಮ ಬಂದ ಮೇಲೆ ಎರಡನೆಯ ಸಲ ಅನ್ನ ಬಡಿಸಿಕೊಳ್ಳುವುದು ಯಾರೂ ಹೇಳದೆಯೇ ಕಡಿಮೆಯಾಯಿತು. ತರಕಾರಿ ಮತ್ತು ಕಾಳುಗಳನ್ನು ಮೊದಲು ತಿಂದಾಗ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆಂಬುದು ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ. ಜನವರಿಯಲ್ಲಿ ಆರಂಭಿಸಿದ್ದರಿಂದ ಒಂದು ಅನುಕೂಲವೂ ಆಯಿತು: ಅದು ಸೊಗಡಿನ ಅವರೆಯ ಕಾಲ. ಹಿತಕಿದ ಬೇಳೆಯ ಸಾರಿರುವ ದಿನ ಕಾಳು ತಿನ್ನಿ ಎಂದು ನಮ್ಮ ಮನೆಯಲ್ಲಿ ಯಾರಿಗೂ ಉಪದೇಶ ಬೇಕಾಗುವುದಿಲ್ಲ.

ರಾತ್ರಿಯೂಟಕ್ಕೆ ರಾಗಿ ಮುದ್ದೆ ಮರಳಿ ಬಂತು. ಆದರೆ ರಾಗಿಯನ್ನು ಕುರಿತು ಈಗ ಕೇಳಿಬರುವ ಹೊಗಳಿಕೆಯಲ್ಲಿ ಸ್ವಲ್ಪ ಅತಿಶಯವಿದೆ ಎಂದೇ ನನ್ನ ಅಭಿಪ್ರಾಯ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಅಕ್ಕಿಗಿಂತ ಬಹಳ ಹೆಚ್ಚು, ನಿಜ. ಪಿಷ್ಟವೂ ಧಾರಾಳವಾಗಿಯೇ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯನ್ನು ಬೆಲ್ಲ ಹಾಕಿ ಕುಡಿದು ಸಕ್ಕರೆ ಇಳಿಯಲೆಂದು ಕಾಯುವುದು ವ್ಯರ್ಥ. ಸಕ್ಕರೆಯ ಬದಲು ಬೆಲ್ಲವಾದರೆ ದೋಷವಿಲ್ಲವೆಂಬ ನಂಬಿಕೆಯೂ ಹಾಗೆಯೇ, ರಕ್ತಕ್ಕೆ ಅವೆರಡರ ನಡುವೆ ಹೆಚ್ಚಿನ ಭೇದ ತಿಳಿಯುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನಾನು ಬಿಡಲಿಲ್ಲ, ಸಂಜೆಯ ತಿಂಡಿಯ ಬದಲಿಗೆ ತಿಂದೆ. ಕಾಫಿಯ ಲೆಕ್ಕ ಮಾತ್ರ ನನ್ನನ್ನೇ ಬೆಚ್ಚಿಬೀಳಿಸಿತು: ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ ಸುಮಾರು 4 ಗ್ರಾಂ ಎಂದರೆ 32 ಗ್ರಾಂ ಸಕ್ಕರೆ. ಇಂಥ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಟಗಳನ್ನು ಎರಡಕ್ಕಿಳಿಸಿ, ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ ಬಂದೆ. ಈಗ ಸಿಹಿಯಾದ ಕಾಫಿ ಗಂಟಲಿಗಿಳಿಯುವುದಿಲ್ಲ.

ನಡಿಗೆಗೆ ಕುಕ್ಕರಹಳ್ಳಿ ಕೆರೆ ಇದೆ. ಸುತ್ತಲಿನ ಹಾದಿ ಸುಮಾರು ನಾಲ್ಕೂವರೆ ಕಿಲೋಮೀಟರ್, ಮರಗಳ ನೆರಳು, ಹೆಜ್ಜಾರ್ಲೆಗಳ ನೋಟ, ಎಲ್ಲವೂ ಚೆನ್ನ. ಆದರೆ ಶಾಲೆಯ ದಿನಗಳಲ್ಲಿ ಅಲ್ಲಿಗೆ ಹೋಗಿಬರುವುದು ನನ್ನಿಂದಾಗದ ಮಾತು. ಹಾಗಾಗಿ ಕೆರೆಯನ್ನು ಭಾನುವಾರಕ್ಕೆ ಮೀಸಲಿಟ್ಟು, ವಾರದ ಉಳಿದ ದಿನಗಳಲ್ಲಿ ಮಧ್ಯಾಹ್ನದ ಊಟದ ನಂತರ ಶಾಲೆಯ ಪಡಸಾಲೆಯಲ್ಲಿ ಹತ್ತು ನಿಮಿಷ, ರಾತ್ರಿಯೂಟದ ನಂತರ ಮನೆಯವರೊಡನೆ ಬೀದಿಯಲ್ಲಿ ಹದಿನೈದು ನಿಮಿಷ ಎಂದು ಗೊತ್ತುಮಾಡಿಕೊಂಡೆ. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ ಊಟವಾದ ಕೂಡಲೇ ನಡೆಯುವ ಹತ್ತು ನಿಮಿಷಕ್ಕೆ ವಿಶೇಷ ಬೆಲೆಯಿದೆ. ಇವನ್ನೂ ಭಾನುವಾರದ ಸುತ್ತನ್ನೂ ಕೂಡಿಸಿದರೆ ವಾರಕ್ಕೆ 150 ನಿಮಿಷವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಆರಾಮವಾಗಿ ದಾಟುತ್ತದೆ, ಹೆಜ್ಜೆ ಮಾತ್ರ ಬಿರುಸಾಗಿರಬೇಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಗುರಿಯ ಗೊಡವೆಗೆ ನಾನು ಹೋಗಲಿಲ್ಲ. ಅದು 1960ರ ದಶಕದಲ್ಲಿ ಜಪಾನಿನ ಹೆಜ್ಜೆಮಾಪಕವೊಂದರ ಹೆಸರಿನಿಂದ ಹಬ್ಬಿದ ಸಂಖ್ಯೆಯೇ ಹೊರತು ವೈದ್ಯಶಾಸ್ತ್ರ ಲೆಕ್ಕ ಹಾಕಿ ಕೊಟ್ಟದ್ದಲ್ಲ.

ನಡಿಗೆಯೊಂದೇ ಸಾಲದೆಂದು ವೈದ್ಯರು ಒತ್ತಿ ಹೇಳಿದ್ದರು. ನಲವತ್ತು ದಾಟಿದ ಮೇಲೆ ಸ್ನಾಯು ಕರಗುತ್ತ ಹೋಗುತ್ತದೆ, ಮುಟ್ಟು ನಿಲ್ಲುವ ಕಾಲಕ್ಕೆ ಮೂಳೆಯೂ ಸವೆಯುತ್ತದೆ, ಊಟದ ಸಕ್ಕರೆಯ ದೊಡ್ಡ ಪಾಲನ್ನು ಸೇರಿಸಿಕೊಳ್ಳುವುದು ಸ್ನಾಯುವೇ ಆದ್ದರಿಂದ ಅದು ಕರಗಿದಷ್ಟೂ ಸಕ್ಕರೆಗೆ ನೆಲೆ ತಪ್ಪುತ್ತದೆ. ಇದಕ್ಕೆ ನಾನು ಆರಿಸಿಕೊಂಡದ್ದು ಬಸ್ಕಿ. ಶಾಲೆಗಳಲ್ಲಿ ಮಕ್ಕಳಿಗೆ ಶಿಕ್ಷೆಯಾಗಿ ಕೊಡುತ್ತಿದ್ದುದನ್ನು ಟೀಚರೊಬ್ಬಳು ತಾನಾಗಿ ಹೊಡೆಯುವುದು ಮಗನಿಗೆ ಬಹಳ ತಮಾಷೆಯೆನಿಸಿತು. ಮಂಡಿಗೆ ಭಾರವಾಗದಂತೆ ಮೊದಮೊದಲು ಕುರ್ಚಿಯ ಮೇಲೆ ಕುಳಿತೇಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇಷ್ಟೇ. ಕುಕ್ಕರಿನ ಆವಿ ಇಳಿಯುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ. ಕೆಲವು ತಿಂಗಳುಗಳ ನಂತರ ಎರಡು ಕೈಗಳಲ್ಲಿ ನೀರು ತುಂಬಿದ ಬಾಟಲಿಗಳು ಬಂದವು. ಜಿಮ್‌ಗೆ ಸೇರಬಾರದೆಂದೇನೂ ಇಲ್ಲ. ಹತ್ತಿರವಿದ್ದು, ಹೊತ್ತು ಹೊಂದಿ, ಹೇಳಿಕೊಡುವವರು ಸಿಕ್ಕರೆ ಅದೇ ಮೇಲು.

ನಿದ್ದೆಯ ವಿಷಯದಲ್ಲಿ ಮಾಡಿದ್ದು ಒಂದೇ: ಫೋನು ಈಗ ನಡುಮನೆಯಲ್ಲೇ ಚಾರ್ಜಿಗಿರುತ್ತದೆ.

ಏಪ್ರಿಲ್ ಕೊನೆಯಲ್ಲಿ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 5.9, ವರ್ಷದ ಕೊನೆಯಲ್ಲಿ 5.7. ಸೊಂಟದ ಸುತ್ತಳತೆ 85ಕ್ಕೆ ಇಳಿದು ಅಲ್ಲೇ ನಿಂತಿದೆ, 80 ಇನ್ನೂ ದೂರವಿದೆ. ಮಾತ್ರೆ ಆರಂಭಿಸುವ ಪ್ರಸಂಗ ಬರಲಿಲ್ಲ. ಆದರೆ ತಂದೆತಾಯಿ ಇಬ್ಬರಿಗೂ ಮಧುಮೇಹವಿದ್ದ ನನಗೆ ಅದು ಎಂದಾದರೂ ಬೇಕಾಗಬಹುದೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹಾಗಾದರೆ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಸೋಲೇನೂ ಕಾಣುವುದಿಲ್ಲ. ಈ ಜನವರಿಯಲ್ಲಿ ಹೊಸದಾಗಿ ಸೇರಿಸಿರುವುದು ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು. ದೊಡ್ಡ ನಂದಿಯ ಬಳಿ ಕುಳಿತು ಸುಧಾರಿಸಿಕೊಂಡು ಮೇಲಕ್ಕೆ ಹತ್ತುತ್ತೇನೆ. ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚಾಗುವುದರಿಂದ ಸದ್ಯಕ್ಕೆ ಇಳಿಯುವುದು ಮಾತ್ರ ಸಿಟಿ ಬಸ್ಸಿನಲ್ಲಿ.