ಚಪ್ಪಲಿ, ಮಾತು ಮತ್ತು ಹೆಜ್ಜೆ: ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಮುಂಬೈನ ಮಾಟುಂಗಾ ಮಾರ್ಕೆಟ್ಟಿನಿಂದ ಹೂವು ತರುವಾಗ ಅಮ್ಮ ಮಾತು ಶುರುವಾದರೆ ನಿಂತುಬಿಡುತ್ತಾರೆ. ‘ನಡೀತಾ ಹೇಳಮ್ಮ’ ಎಂದು ಅವಸರಪಡಿಸುತ್ತಿದ್ದೆ. ಈಗ ನಾನೂ ನಿಲ್ಲುತ್ತೇನೆ. ಹೀಗೆ ಮಾತಿಗೆ ನಿಲ್ಲುವ ವೃದ್ಧರು ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ನಡಿಗೆಗೂ ಗಮನ ಬೇಕು; ಮಾತು ಅದರಲ್ಲಿ ಪಾಲು ಕೇಳುತ್ತದೆ.

ಚಪ್ಪಲಿಯೂ ಕೇಳುತ್ತದೆ, ಇದು ನಮಗೆ ಹೊಳೆಯುವುದಿಲ್ಲ. ಸಡಿಲ ಹವಾಯಿ ಚಪ್ಪಲಿ ಜಾರದಂತೆ ಬೆರಳುಗಳು ಬಿಗಿಹಿಡಿಯಬೇಕು, ಹೆಜ್ಜೆ ಗಿಡ್ಡವಾಗುತ್ತದೆ. ಮೆತ್ತನೆಯ ದಪ್ಪ ಅಟ್ಟೆಯಾದರೆ ನೆಲದ ಏರಿಳಿತ ಪಾದಕ್ಕೆ ಸರಿಯಾಗಿ ತಿಳಿಯುವುದಿಲ್ಲ.

ಮಾತು, ಚಪ್ಪಲಿ ಹೆಜ್ಜೆಯನ್ನು ಎಷ್ಟು ಕೆಡಿಸುತ್ತವೆಂದು ಪರೀಕ್ಷಿಸಲು ಬಿಲ್ಡಿಂಗಿನ ಒಣ ಪ್ಯಾಸೇಜು ಸಾಕು. 6 ಮೀಟರ್ ಅಳೆದು ಎರಡೂ ತುದಿಗೆ ಚಾಕ್ ಗೆರೆ ಎಳೆಯಿರಿ. ಪಕ್ಕದಲ್ಲಿ ಒಬ್ಬರು ಕೈಯಳತೆಯಲ್ಲೇ ಇರಲಿ. ಈಗಾಗಲೇ ಬಿದ್ದವರಿದ್ದರೆ ಇದನ್ನು ವೈದ್ಯರೆದುರೇ ಮಾಡಿಸಿ.

ಮೊದಲು ಕುರ್ಚಿಯಲ್ಲಿ ಕೂತು ದಾದರ್‌ನಿಂದ ಚರ್ಚ್‌ಗೇಟ್‌ವರೆಗೆ ಲೋಕಲ್ ರೈಲಿನ ಸ್ಟೇಷನ್‌ಗಳ ಹೆಸರು ಹೇಳಿಸಿ: ಪ್ರಭಾದೇವಿ, ಲೋವರ್ ಪರೇಲ್, ಮಹಾಲಕ್ಷ್ಮಿ... ಕೂತಾಗಲೇ ತಡವರಿಸಿದರೆ ಸುಲಭದ್ದೇನಾದರೂ ಕೊಡಿ, ತರಕಾರಿಗಳ ಹೆಸರಾದರೂ ಸರಿ. ಇಲ್ಲದಿದ್ದರೆ ತಡವರಿಕೆಗೆ ನಡಿಗೆ ಕಾರಣವೋ ಮರೆವು ಕಾರಣವೋ ಗೊತ್ತಾಗದು.

ಆಮೇಲೆ ದಿನವೂ ಹಾಕುವ ಚಪ್ಪಲಿಯಲ್ಲಿ ಸುಮ್ಮನೆ ನಡೆಸಿ, ಸೆಕೆಂಡು ಮತ್ತು ಹೆಜ್ಜೆ ಎರಡನ್ನೂ ಬರೆದಿಡಿ. ಮುಂದಿನ ಸಲ ಹೆಸರು ಹೇಳುತ್ತಲೇ ನಡೆಯಲಿ. ಕೊನೆಗೆ ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಹಾಕಿಸಿ ಎರಡನ್ನೂ ಮತ್ತೆ ಮಾಡಿಸಿ. ಒಂದೊಂದನ್ನೂ ಮೂರು ಸಲ ನೋಡಿ. ಒಂದೇ ಸಲದ ಲೆಕ್ಕ ನಂಬಬೇಡಿ.

ಗಡಿಯಾರಕ್ಕಿಂತ ಕಾಲಿನ ಮೇಲೆ ಕಣ್ಣಿರಲಿ. ಪಾದ ಎಳೆಯುತ್ತಿದೆಯೇ? ಕಾಲು ಅಗಲಿಸಿ ಇಡುತ್ತಿದ್ದಾರೆಯೇ? ಗೋಡೆ ಹಿಡಿದರೇ? ಹೆಜ್ಜೆ ಸರಿಯಿದ್ದು ಸ್ಟೇಷನ್ ಮರೆತರೆ ಗಾಬರಿ ಬೇಡ, ಗಮನ ಕಾಲಿನ ಕಡೆ ಹೋಗಿರುತ್ತದೆ. ಹೆಸರುಗಳು ಸರಾಗವಾಗಿ ಬಂದು ಹೆಜ್ಜೆ ಕೆಟ್ಟರೇ ಹೆಚ್ಚು ಚಿಂತೆ.

ನಮ್ಮಮ್ಮ ಹವಾಯಿ ಚಪ್ಪಲಿಯಲ್ಲಿ ‘ಮಹಾಲಕ್ಷ್ಮಿ’ ಎನ್ನುವಷ್ಟರಲ್ಲಿ ನಿಂತರು; ಪಟ್ಟಿಯ ಸ್ಯಾಂಡಲ್‌ನಲ್ಲಿ ನಿಲ್ಲಲಿಲ್ಲ.

ಹೊಸದು ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಅಟ್ಟೆ ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಅಲ್ಲ. ಮಳೆಗಾಲಕ್ಕೆ ಸವೆದ ಅಟ್ಟೆ ಖಂಡಿತ ಬೇಡ. ಒಳ್ಳೆಯ ಚಪ್ಪಲಿಯಲ್ಲೂ ಹೆಜ್ಜೆ ತಪ್ಪುತ್ತಿದ್ದರೆ ಬರೆದಿಟ್ಟ ಚೀಟಿಯ ಜೊತೆ ಅವರು ನುಂಗುವ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಸ್ಟೇಷನ್ ಬ್ರಿಡ್ಜ್ ಮೆಟ್ಟಿಲಲ್ಲಿ ಫೋನ್ ಬಂದರೆ, ಇಳಿದು ಬದಿಗೆ ನಿಂತ ಮೇಲೇ ಎತ್ತಲಿ.