ತಂತಿಗೆ ಚುಚ್ಚಿದ ಕಾಗದಗಳು

ನಮ್ಮ ಮನೆ ಇರುವುದು ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ. ಮಗ್ಗದ ಪಕ್ಕದ ಕಂಬಕ್ಕೆ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಬಂದ ಕಾಗದವನ್ನು ಓದಿದ ಮೇಲೆ ಅಪ್ಪ ಅದಕ್ಕೆ ಚುಚ್ಚಿಬಿಡುತ್ತಿದ್ದರು. ನೂಲಿನ ಅಂಗಡಿಯ ಚೀಟಿ, ಕರೆಂಟ್ ಬಿಲ್ಲು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಇವುಗಳ ನಡುವೆ ಅಮೆರಿಕದಿಂದ ಕಾಕಾ ಬರೆದ, ಮಡಿಸಿ ಅಂಟಿಸಿದರೆ ತಾನೇ ಲಕೋಟೆಯಾಗುವ ನೀಲಿ ಏರೋಗ್ರಾಮ್‌ಗಳು. ಹೀಗಾಗಿ ಕಾಕಾನ ಪ್ರತಿ ಕಾಗದದ ನಡುವೆ ಒಂದು ತೂತು, ಅದರ ಸುತ್ತ ತುಕ್ಕಿನ ಕಲೆ.

ಕಾಕಾ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಓದಿ 1971ರಲ್ಲಿ ಮಿಷಿಗನ್‌ಗೆ ಹೋದವರು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿದ ಮೇಲೆ ಹೊರಟ ವೈದ್ಯರ ಸಾಲಿನಲ್ಲಿ ಅವರೂ ಒಬ್ಬರು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮೊದಲು ಅಪ್ಪ ಬರೆಯುತ್ತಿದ್ದರು, 1979ರಿಂದ ಆ ಕೆಲಸ ನನಗೆ ಬಂತು. ಆಗ ನಾನು ಐದನೆಯ ಇಯತ್ತೆ. ನನ್ನ ಅಕ್ಷರ ಸಣ್ಣದು, ಒಂದೇ ಹಾಳೆಯಲ್ಲಿ ಹೆಚ್ಚು ಹಿಡಿಯುತ್ತದೆ ಎಂಬುದಷ್ಟೇ ನನ್ನ ಅರ್ಹತೆ.

ಅಜ್ಜಿ ಹೇಳಿದ್ದನ್ನು ನಾನು ಹಾಗೆಯೇ ಬರೆಯುತ್ತಿರಲಿಲ್ಲ. ಅವಳು ‘ಚಲೋ’ ಎಂದರೆ ನಾನು ‘ಚೆನ್ನಾಗಿ’ ಎಂದು ಬರೆದೆ, ‘ತ್ರಾಸು’ ಎಂದರೆ ‘ತೊಂದರೆ’ ಎಂದು ಬರೆದೆ. ಶಾಲೆಯಲ್ಲಿ ಪತ್ರಲೇಖನಕ್ಕೆ ಸಿಕ್ಕ ಅಂಕಗಳ ಸೊಕ್ಕು ಅದು. ಎಮ್ಮೆ ಈದ ಸುದ್ದಿಯನ್ನು ಅಮೆರಿಕಕ್ಕೆ ಬರೆಯುವುದೇ ಎಂದು ಬಿಟ್ಟುಬಿಟ್ಟದ್ದೂ ಉಂಟು. ಎರಡು ವರ್ಷದ ಮೇಲೆ ಕಾಕಾ ನನಗೇ ಬೇರೆಯಾಗಿ ಎರಡು ಸಾಲು ಬರೆದರು: ಕಾಗದದಲ್ಲಿ ನಿನ್ನ ಮಾಸ್ತರರ ದನಿ ಕೇಳುತ್ತದೆ, ಅವ್ವನ ದನಿ ಕೇಳುತ್ತಿಲ್ಲ. ಓದಿ ಅಳು ಬಂತು. ಆದರೂ ಪೂರ್ತಿ ತಿದ್ದಿಕೊಂಡೆ ಎಂದು ಹೇಳಲಾರೆ.

ಇನ್ನೊಂದು ಜಗಳ ಬನ್ನಿಯದು. ಏರೋಗ್ರಾಮ್‌ನ ಒಳಗೆ ಏನನ್ನೂ ಇಡಬಾರದು ಎಂದು ಅದರ ಮೇಲೆಯೇ ಅಚ್ಚಾಗಿರುತ್ತಿತ್ತು. ದಸರೆಗೆ ಬನ್ನಿ ಕೊಡದೆ ಮಗನಿಗೆ ಕಾಗದ ಹಾಕುವುದು ಹೇಗೆ ಎಂಬುದು ಅಜ್ಜಿಯ ಪ್ರಶ್ನೆ. ಕೊನೆಗೆ ವರ್ಷಕ್ಕೆ ಒಮ್ಮೆ ಮಾತ್ರ ಲಕೋಟೆ, ಅದಕ್ಕೆ ಹೆಚ್ಚಿನ ಅಂಚೆ ಚೀಟಿ, ಅಪ್ಪನ ಗೊಣಗಾಟ ಎಂದು ತೀರ್ಮಾನವಾಯಿತು.

ನಾಲ್ಕು ವರ್ಷದ ಹಿಂದೆ ಕಾಕಾ ತೀರಿಕೊಂಡ ಮೇಲೆ ಅವರ ಮಗಳು ಒಂದು ಬೂಟಿನ ಡಬ್ಬಿಯನ್ನು ನನಗೆ ತಂದುಕೊಟ್ಟಳು. ಅದರಲ್ಲಿ ನಾವು ಬರೆದ ಕಾಗದಗಳಿದ್ದವು. ತಂತಿಯ ಕಟ್ಟು ನನ್ನ ಬಳಿ ಮೊದಲೇ ಇತ್ತು. ಎರಡನ್ನೂ ಜೋಡಿಸಲು ಕುಳಿತೆ.

ದಿನಾಂಕ ಹಿಡಿಯುವುದೇ ದೊಡ್ಡ ಕೆಲಸ. ಅಪ್ಪ ಇಸವಿಯನ್ನೇ ಬರೆಯುತ್ತಿರಲಿಲ್ಲ, ಸಂವತ್ಸರ ಮತ್ತು ತಿಥಿ ಮಾತ್ರ. ಪಿಂಗಳ ಎಂದರೆ 1977ರ ಯುಗಾದಿಯಿಂದ, ಸಿದ್ಧಾರ್ಥಿ ಎಂದರೆ 1979ರ ಯುಗಾದಿಯಿಂದ. ಅರವತ್ತು ವರ್ಷಕ್ಕೊಮ್ಮೆ ಹೆಸರು ತಿರುಗಿ ಬರುತ್ತದೆ, ಆದ್ದರಿಂದ ನಮ್ಮಂಥ ಕಟ್ಟಿನಲ್ಲಿ ಗೊಂದಲವಿಲ್ಲ. ಕಾಕಾನ ತೊಂದರೆ ಬೇರೆ. ಮೊದಮೊದಲು ನಮ್ಮಂತೆ ತಾರೀಖು ಮೊದಲು ಬರೆದವರು ಮುಂದೆ ಅಮೆರಿಕದವರಂತೆ ತಿಂಗಳನ್ನು ಮೊದಲು ಬರೆಯತೊಡಗಿದರು. 4-7 ಎಂದರೆ ಜುಲೈಯೋ ಏಪ್ರಿಲ್ಲೋ? ನಮ್ಮ ಅಂಚೆ ಕಚೇರಿ ಹಿಂಬದಿಗೆ ಹೊಡೆದ ಬಟವಾಡೆಯ ಮುದ್ರೆ ನೋಡಿ ಬಗೆಹರಿಸಿಕೊಂಡೆ. ಮುದ್ರೆ ಮಸುಕಾದಲ್ಲಿ ವಿಳಾಸವೇ ಸಾಕ್ಷಿ: ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು ಎಂದುಕೊಂಡು ಮೋಸಹೋದೆ. ಕಾಕಾ ರೂಢಿಬಲದಿಂದ 1975ರವರೆಗೂ ಹಾಗೆಯೇ ಬರೆದಿದ್ದರು. ಗದಗ ಜಿಲ್ಲೆಯಾದದ್ದು 1997ರಲ್ಲಿ, ಅಷ್ಟರೊಳಗೆ ಅಜ್ಜಿಯೂ ಇರಲಿಲ್ಲ, ಕಾಗದಗಳೂ ನಿಂತಿದ್ದವು. ಹಾಗಾಗಿ ಎಲ್ಲದರ ಮೇಲೂ ‘ಜಿಲ್ಲಾ ಧಾರವಾಡ’ ಎಂದೇ ಇದೆ.

ಹಾಳೆ ತೆಳು, ಸ್ಕ್ಯಾನ್ ಮಾಡಿದರೆ ಹಿಂದಿನ ಪುಟದ ಅಕ್ಷರಗಳು ಮೂಡುತ್ತಿದ್ದವು. ಹಿಂದೆ ಕಪ್ಪು ಕಾಗದ ಇಟ್ಟ ಮೇಲೆ ಸರಿಹೋಯಿತು. ಮಡಿಕೆಯಲ್ಲಿ ಹರಿದದ್ದಕ್ಕೆ ಪಾರದರ್ಶಕ ಟೇಪ್ ಅಂಟಿಸಬೇಡಿ. ಅಪ್ಪ ಹಿಂದೆ ಅಂಟಿಸಿದ್ದಲ್ಲೆಲ್ಲ ಹಳದಿ ಕಲೆ ಉಳಿದಿದೆ. ಕ್ರಮಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಹಾಕಿದ್ದೇನೆ. ಹನ್ನೊಂದು ಕಾಗದಗಳಲ್ಲಿ ಚೌಕವಾಗಿ ಒಂದೊಂದು ತುಂಡೇ ಇಲ್ಲ. ಅಚ್ಚಾದ ಅಂಚೆ ಚೀಟಿಯ ಚಂದಕ್ಕೆ ಮರುಳಾಗಿ ನಾನೇ ಕತ್ತರಿಸಿಕೊಂಡಿದ್ದೆ, ಅದರ ಒಳಬದಿಯಲ್ಲಿ ಬರಹವಿದೆ ಎಂಬ ಖಬರೇ ಇಲ್ಲದೆ.

ಜೋಡಿಸಿ ಓದಿದಾಗ ಒಂದು ಕಟ್ಟಿನಲ್ಲಿ ಕಾಣದ್ದು ಎರಡರಲ್ಲಿ ಕಂಡಿತು. ಪ್ರತಿ ಕಾಗದದಲ್ಲೂ ಅಜ್ಜಿಯ ಪ್ರಶ್ನೆ ಒಂದೇ: ಅಲ್ಲಿ ಮಳೆ ಆಯಿತೇ? ಬಿತ್ತುವ ಹೊಲವಿಲ್ಲದ ಊರಿನಲ್ಲಿ ಕೂತ ಕಾಕಾ ಒಮ್ಮೆಯೂ ತಪ್ಪದೆ ಉತ್ತರಿಸಿದ್ದರು, ಹಿಮ ಬಿದ್ದ ತಿಂಗಳಲ್ಲೂ ‘ಮಳೆ ಸಾಕಷ್ಟು ಆಗಿದೆ’ ಎಂದು. ಕೆಲಸ ಸಿಗದ ತಿಂಗಳುಗಳಲ್ಲಿ ಅವರು ಎಲ್ಲ ಕ್ಷೇಮ ಎಂದು ಬರೆದಿದ್ದಾರೆ. ಅದೇ ತಿಂಗಳುಗಳಲ್ಲಿ ನಮ್ಮ ಎರಡನೆಯ ಮಗ್ಗ ಮಾರಿಹೋಗಿತ್ತು, ನಾವೂ ಎಲ್ಲ ಕ್ಷೇಮ ಎಂದಿದ್ದೇವೆ.

ಡಬ್ಬಿಯ ತಳದಲ್ಲಿ ದಸರೆಯ ಲಕೋಟೆಗಳು ಪ್ರತ್ಯೇಕವಾಗಿದ್ದವು. ಬನ್ನಿಯ ಎಲೆ ಮೊದಲೇ ಸಣ್ಣದು, ಪುಡಿಯಾಗಿತ್ತು. ಲಕೋಟೆ ಬಿಚ್ಚದೆ ಹಾಗೆಯೇ ಬಟರ್ ಪೇಪರ್‌ನಲ್ಲಿ ಸುತ್ತಿಟ್ಟೆ.

ಕಾಕಾನ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಈಗ ಒಂದೊಂದೇ ಕಾಗದವನ್ನು ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕಳಿಸುತ್ತಿದ್ದೇನೆ. ‘ಚೆನ್ನಾಗಿ’ ಎಂದು ಬರೆದಲ್ಲೆಲ್ಲ ‘ಚಲೋ’ ಎಂದೇ ಓದುತ್ತೇನೆ. ಕಾಗದದಲ್ಲಿ ಇರುವುದು ಬೇರೆ, ಓದುತ್ತಿರುವುದು ಬೇರೆ ಎಂದು ಮೊದಲನೆಯ ಧ್ವನಿಮುದ್ರಣದ ಆರಂಭದಲ್ಲೇ ಅವರಿಗೆ ತಿಳಿಸಿದ್ದೇನೆ.