ಬಣ್ಣವೇ ಬಾರದ ಸ್ಲೈಡು ನನಗೆ ಕಲಿಸಿದ್ದು

ನಾನು ಮಾಲಿಕ್ಯುಲರ್ ಪ್ಯಾಥಾಲಜಿ ಲ್ಯಾಬಲ್ಲಿ ಕೆಲಸ ಮಾಡೋದು. ಗಡ್ಡೆಯ ಒಂದು ಚೂರು ಬರುತ್ತೆ, ಅದರ ಡಿಎನ್‌ಎ ಓದ್ಬೇಕು, ಯಾವ ಜೀನ್ ಕೆಟ್ಟಿದೆ, ಅದರಿಂದ ಚಿಕಿತ್ಸೆ ಯಾವ ಕಡೆ ತಿರುಗುತ್ತೆ ಅಂತ ರಿಪೋರ್ಟ್ ಬರೀಬೇಕು. ಸೇರಿದ ಹೊಸದ್ರಲ್ಲಿ ಅಂಡಾಶಯದ ಹೈ ಗ್ರೇಡ್ ಸೀರಸ್ ಕ್ಯಾನ್ಸರಿನ ಒಂದು ಸ್ಲೈಡ್ ಬಂತು, ಪಿ53 ಅನ್ನೋ ಕ್ಯಾನ್ಸರ್ ತಡೆಯೋ ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಬರೋ ಹಾಗೆ ಸ್ಟೇನ್ ಮಾಡಿದ್ದು. ಗಡ್ಡೆಯ ಜೀವಕೋಶಗಳಲ್ಲಿ ಒಂದು ಚುಕ್ಕೆ ಕಂದು ಬಣ್ಣ ಇಲ್ಲ. ನಾನು ಸಲೀಸಾಗಿ 'ನೆಗೆಟಿವ್, ಪಿ53 ನಾರ್ಮಲ್' ಅಂತ ಡ್ರಾಫ್ಟ್ ಬರೆದಿಟ್ಟೆ. ಸೀನಿಯರ್ ಮೇಡಂ ನೋಡಿ ಒಂದೇ ಮಾತು ಕೇಳಿದ್ರು, "ಪಕ್ಕದಲ್ಲಿರೋ ಲಿಂಫೋಸೈಟ್ ನೋಡಿದ್ರಾ?"

ನೋಡಿರ್ಲಿಲ್ಲ. ನೋಡಿದ್ರೆ ಆ ನಾರ್ಮಲ್ ಬಿಳಿ ರಕ್ತಕಣಗಳಲ್ಲಿ ಅಲ್ಲಲ್ಲಿ ತೆಳುವಾಗಿ ಬಣ್ಣ ಇತ್ತು. ಅಂದ್ರೆ ಸ್ಟೇನ್ ಸರಿಯಾಗೇ ಕೆಲಸ ಮಾಡಿದೆ, ಗಡ್ಡೆಯಲ್ಲಿ ಪಿ53 ಪ್ರೋಟೀನೇ ಇಲ್ಲ. ನಾರ್ಮಲ್ ಕೋಶದಲ್ಲಿ ಪಿ53 ತಯಾರಾಗ್ತಾನೇ ಇರುತ್ತೆ, ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಅದನ್ನ ಹಿಂದೆನೇ ಒಡೆದು ಹಾಕ್ತಾ ಇರುತ್ತೆ, ಅದಕ್ಕೆ ಎಲ್ಲೋ ಸ್ವಲ್ಪ ಕಾಣುತ್ತೆ ಎಲ್ಲೋ ಕಾಣಲ್ಲ. ಜೀನ್ ಅರ್ಧಕ್ಕೇ ತುಂಡಾಗೋ ಥರ ಕೆಟ್ರೆ ಬಣ್ಣ ಪೂರ್ತಿ ಮಾಯ. ಒಂದು ಅಮಿನೋ ಆಮ್ಲ ಮಾತ್ರ ಬದಲಾದ್ರೆ, ಉದಾಹರಣೆಗೆ 175 ಅಥವಾ 273ನೇ ಜಾಗದಲ್ಲಿ, ಪ್ರೋಟೀನ್ ಒಡೀದೆ ರಾಶಿ ಬಿದ್ದು ಕಡು ಕಂದು ಬರುತ್ತೆ. ಎರಡು ತುದಿನೂ ಕೆಟ್ಟದ್ದೇ, ನಾರ್ಮಲ್ ಇರೋದು ನಡುವೆ. ಅದೂ ಅಲ್ದೆ ಈ ಜಾತಿ ಕ್ಯಾನ್ಸರಲ್ಲಿ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಟಿಪಿ53, ಅಂದ್ರೆ ಪಿ53 ತಯಾರಿಸೋ ಜೀನ್, ಕೆಟ್ಟೇ ಇರುತ್ತೆ, ಹಾಗಾಗಿ 'ನಾರ್ಮಲ್' ಅಂತ ಕಂಡಾಗಲೇ ನನಗೆ ಅನುಮಾನ ಬರ್ಬೇಕಿತ್ತು. ಸಮಾಧಾನಕ್ಕೆ ಹೇಳ್ಕೊಳ್ಳೋದಾದ್ರೆ, 1979ರಲ್ಲಿ ಪಿ53 ಸಿಕ್ಕ ಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳೇ ಅದು ಕ್ಯಾನ್ಸರ್ ತರೋ ಜೀನ್ ಅಂತ ಸುಮಾರು ಹತ್ತು ವರ್ಷ ಉಲ್ಟಾ ಓದಿದ್ರು, ಯಾಕಂದ್ರೆ ಅವರ ಕೈಲಿದ್ದ ಕಾಪಿಗಳೇ ಮ್ಯುಟೇಷನ್ ಆಗಿದ್ದವು. 1989ರಲ್ಲಿ ಗೊತ್ತಾಗಿದ್ದು ಇದು ತಡೆಯೋ ಜೀನ್ ಅಂತ.

ಆಮೇಲಿಂದ ನಾನು ಕ್ಯಾನ್ಸರ್ ತಡೆಯೋ ಯಾವ ಸಪ್ರೆಸರ್ ಜೀನ್ ಬಂದ್ರೂ ಮೊದಲು ಕೇಳೋದು, ಇನ್ನೊಂದು ಕಾಪಿ ಎಲ್ಲೋಯ್ತು? ಪ್ರತಿ ಜೀನಿಗೂ ಎರಡು ಕಾಪಿ, ಒಂದು ಅಮ್ಮನ ಕಡೆಯಿಂದ ಒಂದು ಅಪ್ಪನ ಕಡೆಯಿಂದ. ಒಂದು ಕೆಟ್ರೂ ಸಾಮಾನ್ಯವಾಗಿ ಇನ್ನೊಂದು ಸಂಭಾಳಿಸುತ್ತೆ. ರೆಟಿನೋಬ್ಲಾಸ್ಟೋಮಾ ಅನ್ನೋ ಮಕ್ಕಳ ಕಣ್ಣಿನ ಕ್ಯಾನ್ಸರಿನ ಲೆಕ್ಕ ಹಾಕಿ ನುಡ್ಸನ್ ಅನ್ನೋ ವಿಜ್ಞಾನಿ 1971ರಲ್ಲಿ ಹೇಳಿದ್ದು ಇದನ್ನೇ, ಎರಡು ಪೆಟ್ಟು ಬೀಳ್ಬೇಕು ಅಂತ. ಮೊದಲ ಪೆಟ್ಟು ಹುಟ್ಟುವಾಗಲೇ ಬಿದ್ದಿರೋ ಮಕ್ಕಳಿಗೆ ಬೇಗ ಬರುತ್ತೆ, ಎಷ್ಟೋ ಸಲ ಎರಡೂ ಕಣ್ಣಿಗೆ. ಪಿ53 ಸ್ವಲ್ಪ ಬೇರೆ, ಅದು ನಾಲ್ಕು ಸೇರಿ ಪಲ್ಲಕ್ಕಿ ಹೊತ್ತ ಹಾಗೆ ಕೆಲಸ ಮಾಡೋದು, ಒಬ್ಬ ಅಡ್ಡ ನಡೆದ್ರೂ ಉಳಿದೋರ ಹೆಜ್ಜೆ ತಪ್ಪುತ್ತೆ, ಹಾಗಾಗಿ ಒಂದು ಕಾಪಿ ಕೆಟ್ರೂ ಸಾಕಷ್ಟು ಹಾಳು ಮಾಡುತ್ತೆ.

ಇನ್ನೊಂದು ಕಾಪಿ ಇದೆಯೋ ಇಲ್ವೋ ನಾನು ಲೆಕ್ಕ ಹಾಕೋದು ಹೀಗೆ. ಚೂರಲ್ಲಿ 60% ಗಡ್ಡೆ ಕೋಶ, 40% ನಾರ್ಮಲ್ ಕೋಶ ಅಂದ್ಕೊಳ್ಳಿ. ಗಡ್ಡೆಯಲ್ಲಿ ಒಂದು ಕಾಪಿ ಮಾತ್ರ ಕೆಟ್ಟಿದ್ರೆ ಸೀಕ್ವೆನ್ಸಿಂಗಲ್ಲಿ ಆ ಮ್ಯುಟೇಷನ್ ಸುಮಾರು 30% ಕಾಣ್ಬೇಕು. ಒಳ್ಳೆ ಕಾಪಿ ಉದುರಿ ಹೋಗಿದ್ರೆ 43% ಹತ್ರ. ಒಳ್ಳೇದು ಹೋಗಿ ಕೆಟ್ಟದ್ದೇ ಡಬಲ್ ಆಗಿದ್ರೆ 60%. ಆದ್ರೆ ಆ '60% ಗಡ್ಡೆ' ಅನ್ನೋದು ಯಾರೋ ಮೈಕ್ರೋಸ್ಕೋಪಲ್ಲಿ ಕಣ್ಣಂದಾಜಲ್ಲಿ ಹೇಳಿದ್ದು, ಐದು ಹತ್ತು ಪರ್ಸೆಂಟ್ ವ್ಯತ್ಯಾಸದ ಮೇಲೆ ಅರಮನೆ ಕಟ್ಟಬಾರದು. 50% ಆಸುಪಾಸು ಬಂದ್ರೆ ಇನ್ನೊಂದು ತಲೆನೋವು, ಅದು ಹುಟ್ಟಿನಿಂದಲೇ ಇರೋದೂ ಆಗಿರಬಹುದು, ಆಗ ರಕ್ತದಲ್ಲೋ ಚರ್ಮದಲ್ಲೋ ಖಚಿತ ಮಾಡ್ಕೋಬೇಕು, ಜೆನೆಟಿಕ್ ಕೌನ್ಸೆಲಿಂಗ್ ಬೇಕು, ಯಾಕಂದ್ರೆ ಅದು ಮನೆಯವರ ವಿಷಯನೂ ಹೌದು.

ಕೆಟ್ಟ ಜೀನಿಗೆ ಔಷಧಿ ಇಲ್ವಾ ಅಂತ ಕೇಳೋರು ತುಂಬ ಜನ. ಅತಿಯಾಗಿ ಕುಣಿಯೋ ಪ್ರೋಟೀನನ್ನ ಕಟ್ಟಿ ಹಾಕ್ಬಹುದು, ಇಲ್ಲದೇ ಇರೋದನ್ನ ತಂದು ಕೊಡೋದು ಕಷ್ಟ. ಹಾಗಂತ ರಿಪೋರ್ಟ್ ದಂಡ ಅಲ್ಲ. ಸಿಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರಲ್ಲಿ ಟಿಪಿ53 ಹೋಗಿದ್ರೆ ಹಳೆ ಕೀಮೋ ಸರಿಯಾಗಿ ನಾಟಲ್ಲ, ಯಾಕಂದ್ರೆ ಕೀಮೋ ಡಿಎನ್‌ಎ ಒಡೆದ ಮೇಲೆ ಕೋಶಕ್ಕೆ 'ಸಾಯಿ' ಅಂತ ಹೇಳ್ಬೇಕಾದವನೇ ಪಿ53. ಅಲ್ಲಿ ಬೇರೆ ದಾರೀಲಿ ಹೋಗೋ ಐಬ್ರುಟಿನಿಬ್, ವೆನೆಟೊಕ್ಲಾಕ್ಸ್ ಥರದವು ವಾಸಿ. ಪಾಲ್ಬೊಸಿಕ್ಲಿಬ್ ಥರದ ಮಾತ್ರೆ ಕೆಲಸ ಮಾಡೋದು ಆರ್‌ಬಿ ಪ್ರೋಟೀನ್ ಮೂಲಕ, ಅದರ ಜೀನ್ ಆರ್‌ಬಿ1 ಪೂರ್ತಿ ಹೋಗಿದ್ರೆ ಅದಕ್ಕೆ ಹಿಡ್ಕೊಳ್ಳೋಕೆ ಏನೂ ಇರಲ್ಲ.

ಇದಕ್ಕೆಲ್ಲ ಉಲ್ಟಾ ಬಿಆರ್‌ಸಿಎ. ಅದು ಡಿಎನ್‌ಎ ರಿಪೇರಿ ಮಾಡೋ ಜೀನ್, ಎರಡೂ ಕಾಪಿ ಹೋದ್ರೆ ಕ್ಯಾನ್ಸರ್ ಕೋಶ ಪಾರ್ಪ್ ಅನ್ನೋ ಇನ್ನೊಂದು ರಿಪೇರಿ ದಾರಿನ ನಂಬ್ಕೊಂಡು ಬದುಕುತ್ತೆ, ಆ ದಾರಿನೂ ಮುಚ್ಚಿದ್ರೆ ಸಾಯುತ್ತೆ. 2005ರಲ್ಲಿ ಲ್ಯಾಬಲ್ಲಿ ತೋರಿಸಿದ್ದು, 2014ರಲ್ಲಿ ಒಲಾಪರಿಬ್ ಅನ್ನೋ ಔಷಧಿಯಾಗಿ ಬಂತು. ಕ್ಯಾನ್ಸರ್ ಏನನ್ನ ಕಳ್ಕೊಂಡು ಬೆಳೀತೋ ಅದೇ ಅದರ ಕುತ್ತಿಗೆಗೆ ಬರೋದು, ನನಗಂತೂ ಇವತ್ತಿಗೂ ಖುಷಿ ಕೊಡೋ ವಿಷಯ.

ಆದ್ರೆ ಕಳ್ಕೊಂಡಿದ್ದನ್ನ ಅದು ಕೆಲವೊಮ್ಮೆ ವಾಪಸ್ ಪಡ್ಕೊಳ್ಳುತ್ತೆ. ಒಂದು ಕೇಸಲ್ಲಿ ಒಲಾಪರಿಬ್ ಚೆನ್ನಾಗಿ ಕೆಲಸ ಮಾಡಿ ಆಮೇಲೆ ನಿಂತೋಯ್ತು, ಎರಡನೇ ಬಯಾಪ್ಸಿ ಬಂತು. ಬಿಆರ್‌ಸಿಎ2ರಲ್ಲಿ ಹಳೇ ಮ್ಯುಟೇಷನ್ ಹಾಗೇ ಇತ್ತು, ಒಂದು ಅಕ್ಷರ ಬಿಟ್ಟು ಹೋಗಿರೋದು. ಸ್ವಲ್ಪ ಮುಂದೆ ಹೊಸದಾಗಿ ಎರಡು ಅಕ್ಷರ ಮಾಯ. ಇನ್ನೊಂದು ಮ್ಯುಟೇಷನ್, ಜೀನ್ ಇನ್ನೂ ಕೆಟ್ಟಿದೆ ಅಂತ ಬರೆಯೋಕೆ ಹೊರಟಿದ್ದೆ, ಆಗ ಆ ಬಣ್ಣ ಬಾರದ ಸ್ಲೈಡು ನೆನಪಾಯ್ತು. ಒಂದೂ ಎರಡೂ ಸೇರಿ ಮೂರು, ಕೋಶ ಜೀನನ್ನ ಓದೋದೇ ಮೂರ್ಮೂರು ಅಕ್ಷರವಾಗಿ, ಹಾಗಾಗಿ ಮೂರಕ್ಷರ ಹೋದ್ರೆ ಓದೋ ಸಾಲು ಮತ್ತೆ ಸರಿ ಹೋಗುತ್ತೆ, ಪ್ರೋಟೀನ್ ತಯಾರಾಗುತ್ತೆ. ಎರಡೂ ಒಂದೇ ರೀಡಲ್ಲಿ, ಅಂದ್ರೆ ಒಂದೇ ಡಿಎನ್‌ಎ ತುಂಡಲ್ಲಿ, ಇದಾವಾ ಅಂತ ಒಂದೊಂದಾಗಿ ನೋಡಿದೆ. ಇದ್ದವು. 'ರಿವರ್ಷನ್ ಮ್ಯುಟೇಷನ್, ಪಾರ್ಪ್ ಔಷಧಿಗೆ ಪ್ರತಿರೋಧ' ಅಂತ ತಿದ್ದಿ ಬರೆದು, ಪ್ಲಾಟಿನಂ ಕೀಮೋ ಕೂಡ ಅಷ್ಟಾಗಿ ಕೇಳದೇ ಇರಬಹುದು ಅಂತ ಒಂದು ಸಾಲು ಸೇರಿಸಿ ಕಳಿಸಿದೆ.